ಸಮೀಕರಣದಲ್ಲಿ ಬಿಟ್ಟುಹೋದದ್ದು

ರಾವಂದೂರಿನ ನಮ್ಮ ಗಣಿತದ ಮೇಷ್ಟ್ರು ಮನುಷ್ಯರ ಕೈಕಾಲಿನ ಪ್ರತಿ ಚಲನೆಗೂ ಸಮೀಕರಣ ಬರೆಯುತ್ತಿದ್ದರು. ಲೆಕ್ಕ ತಪ್ಪಿದಾಗಲೆಲ್ಲ ಕನ್ನಡಕ ಒರೆಸಿಕೊಂಡು, "ಏನೋ ಒಂದು ಬಿಟ್ಟೋಗಿದೆ ಕಣಯ್ಯ" ಎನ್ನುತ್ತಿದ್ದರು.

ನಮ್ಮವ್ವ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ವೇಗ ಕಂಡು ಅವರು ಮರುಳಾದರು. ವಾರವಿಡೀ ದೂರದಿಂದಲೇ ಸ್ಕೇಲು ಹಿಡಿದು ಅವಳ ಕೈಯೋಟ ಅಳೆದು, ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ ಮನೆಯ ಬಾಗಿಲ ತುಂಬ ಸೀಮೆಸುಣ್ಣದಲ್ಲಿ ಸಮೀಕರಣ ಬರೆದರು. ಅದರಂತೆಯೇ ತಾವೂ ಕಟ್ಟಿದರು. ಕಡ್ಡಿ ಎತ್ತಿದರೆ ಸೊಪ್ಪೆಲ್ಲ ಕೆಳಗೆ ಬಿತ್ತು.

"ಏನೋ ಒಂದು ಬಿಟ್ಟೋಗಿದೆ."

"ಮಾತು ಕಣ್ ಮೇಷ್ಟ್ರೇ," ಎಂದಳು ಅವ್ವ. "ಯಾರ್ನಾದ್ರೂ ಆಡ್ಕಂಡ್ರೇನೆ ಕೈ ಓಡೋದು."

ಯಾರನ್ನೂ ಆಡಿಕೊಳ್ಳದ ಮೇಷ್ಟ್ರು ಬೆವರಿದರು. ಕೊನೆಗೆ ಇನ್ನೊಂದು ಕಡ್ಡಿಗೆ ಸೊಪ್ಪು ಕಟ್ಟುತ್ತ, ದನಿ ತಗ್ಗಿಸಿ ಹೆಡ್‌ಮಾಸ್ಟರರ ಗೊರಕೆಯ ಸುದ್ದಿ ಎತ್ತಿದರು. ಆ ಕಡ್ಡಿಯಿಂದ ಒಂದು ಎಲೆಯೂ ಬೀಳಲಿಲ್ಲ.

ಸಂಜೆ ಬಾಗಿಲು ನೋಡಿದೆ. ಸಮೀಕರಣದ ತುದಿಗೆ "+ ಹೆಡ್‌ಮಾಸ್ಟರು" ಎಂದು ಸೇರಿತ್ತು.