ಐದು ತಿಂಗಳ ಕೂಸು, ಎರಡು ತಿಂಗಳ ತೋಟ

ಲಾರಿಗೆ ಹೊದಿಸುವ ಹಳೆಯ ತಾಡಪತ್ರಿಗೆ ಕೊಟ್ಟದ್ದು ಇಪ್ಪತ್ತೆರಡು ರೂಪಾಯಿ. ಸಿಂದಗಿಯಲ್ಲಿ ಲಾರಿ ರಿಪೇರಿ ಮಾಡುವವನೊಬ್ಬ ಅದಕ್ಕೆ ನಲವತ್ತು ಹೇಳಿದ್ದ. ನಾನು ಅದನ್ನು ಅಂಗಡಿಯ ಮುಂದೆ ಪೂರಾ ಬಿಚ್ಚಿಸಿ, ಈ ಮೂಲೆಯಿಂದ ಆ ಮೂಲೆಗೆ ನಡೆದು, ನಡುವೆ ಇದ್ದ ತೂತಿನಲ್ಲಿ ತಲೆ ತೂರಿಸಿ, “ಅಣ್ಣಾ, ನನ್ನ ಮಾರಿ ಕಾಣ್ತೈತೇನು?” ಎಂದು ಕೇಳಿದೆ. ಅಲ್ಲಿದ್ದವರೆಲ್ಲ ನಕ್ಕರು, ಅವನೂ ನಕ್ಕ. ನಕ್ಕ ಮೇಲೆ ಮಾರುವವನ ಕೈ ಸಡಿಲಾಗುತ್ತದೆ, ಇದನ್ನು ತಿಳಿದುಕೊಳ್ಳಿ. ಹಗ್ಗ ಪುಕ್ಕಟೆ ಬಂತು. ತೂತಿಗೆ ಗೋಣಿಚೀಲದ ತುಂಡು ಹೊಲಿದೆ.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿಯವರೆಗೆ ನಾಲ್ಕು ವರ್ಷ ನಾನು ಸಿಂದಗಿ ಬಸ್ ನಿಲ್ದಾಣದ ಮುಂದೆ ಗೋಣಿ ಹಾಸಿ ನಿಂಬೆಕಾಯಿ ಗುಂಪು ಹಾಕಿ ಮಾರಿದವಳು. ನನ್ನ ಗಂಡ ದಲಾಲರ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಆ ಬೇಸಿಗೆಗೆ ನನ್ನ ಮದುವೆಯ ಬಂಗಾರದ ಪಾಟ್ಲಿ ಬಳೆ ಮಾರಿ ಇಂಡಿ ಊರಿನ ಹತ್ತಿರ ಒಂದು ನಿಂಬೆ ತೋಟದ ಫಸಲನ್ನು ಗುತ್ತಿಗೆ ಹಿಡಿದೆವು. ಗುತ್ತಿಗೆ ಎಂದರೆ ಗಿಡದ ಮೇಲಿನ ಕಾಯಿಗೆ ಮೊದಲೇ ದುಡ್ಡು ಕೊಟ್ಟು, ಕಾಯಿ ಮುಗಿಯುವ ತನಕ ಕಾಯುವುದು, ಕೀಳುವುದು, ಮಾರುವುದು, ಎಲ್ಲವೂ ನಮ್ಮದೇ. ಒಂದು ಹೊತ್ತು ತೋಟ ಬಿಟ್ಟರೆ ಪಕ್ಕದ ಊರಿನವರು ಚೀಲ ತುಂಬಿಕೊಂಡು ಹೋಗುತ್ತಾರೆ. ಅಲ್ಲೇ ವಾಸ ಮಾಡಲೇಬೇಕು. ಮಗಳಿಗೆ ಐದು ತಿಂಗಳು.

ನನ್ನ ತವರು ಮುದ್ದೇಬಿಹಾಳ. ಸುದ್ದಿ ಕೇಳಿ ನನ್ನ ಅವ್ವ ಬಸ್ಸು ಹತ್ತಿ ಬಂದೇ ಬಿಟ್ಟಳು.

“ಕೂಸಿನ್ನ ನನ್ನ ಕಡೆ ಬಿಟ್ಟ ಹೋಗು. ಆಕಳ ಹಾಲು ಹಾಕ್ತೇನಿ. ಬ್ಯಾಸಗ್ಯಾಗ ಎಳಿ ಕೂಸು ಕಟ್ಕೊಂಡು ಅಡವ್ಯಾಗ ಯಾರರ ಇರ್ತಾರೇನು?”

“ನಾ ಇರ್ತೇನಿ.”

“ನಿನಗ ಲಾಭದ ಹುಚ್ಚು ಹಿಡದೈತಿ.”

ಹಟ ಹಿಡಿದದ್ದು ಲಾಭಕ್ಕಲ್ಲ. ನನ್ನ ಅಕ್ಕ ತನ್ನ ಮಗನನ್ನು ಹೀಗೇ ಒಂದು ವರ್ಷ ಅವ್ವನ ಹತ್ತಿರ ಬಿಟ್ಟಿದ್ದಳು. ಕರೆದೊಯ್ಯಲು ಬಂದಾಗ ಆ ಹುಡುಗ ಅಜ್ಜಿಯ ಸೀರೆಯ ಹಿಂದೆ ಅಡಗಿ, ಹೆತ್ತವಳನ್ನು ಯಾರೋ ಬೀಗರ ಕಡೆಯವಳು ಎಂಬಂತೆ ಇಣುಕಿ ನೋಡಿದ. ಅಕ್ಕನ ಮುಖ ಅವತ್ತು ಹೇಗಾಯಿತೆಂದು ನಾನು ನೋಡಿದ್ದೆ. ನನ್ನ ಮಗಳು ಇನ್ನೊಬ್ಬಳನ್ನು ಅವ್ವ ಅನ್ನಬಾರದು, ನನಗೆ ಅಷ್ಟೇ ಬೇಕಾಗಿತ್ತು.

ತೋಟದ ಬದುವಿನಲ್ಲಿ ದೊಡ್ಡ ಬೇವಿನ ಗಿಡವಿತ್ತು. ಅದರ ಕೆಳಗೆ ಮೂರು ಗಳ ನೆಟ್ಟು ತಾಡಪತ್ರಿ ಎಳೆದು ಕಟ್ಟಿದೆವು. ಸೀರೆಯ ಜೋಳಿಗೆಯನ್ನು ಕೊಂಬೆಗೆ ತೂಗು ಹಾಕಿ, ಕೆಳಗೆ ಚೇಳು ಬಾರದಂತೆ ನೆಲ ಗುಡಿಸಿ, ಸಂಜೆ ಬೇವಿನ ಎಲೆಯ ಹೊಗೆ ಹಾಕುತ್ತಿದ್ದೆ. ಗಾಳಿಗೆ ತಾನೇ ತೂಗುವ ಜೋಳಿಗೆ ಕೂಸಿಗೆ ಹಿಡಿಸಿತು. ಮಧ್ಯಾಹ್ನ ಮಾತ್ರ ತಾಡಪತ್ರಿಯ ಒಳಗೆ ರೊಟ್ಟಿ ಬೇಯುವಷ್ಟು ಕಾವು.

ಬಾವಿಯ ಹತ್ತಿರ ಒಂದು ಹುಲ್ಲಿನ ಗುಡಿಸಲು. ತೋಟದ ಮಾಲೀಕರ ಸಂಬಳದಾಳು ಅಲ್ಲಿದ್ದ. ಅವನ ಹೆಂಡತಿ ಬಸವನ ಬಾಗೇವಾಡಿ ಕಡೆಯವಳು, ನನಗಿಂತ ನಾಲ್ಕೈದು ವರ್ಷ ಸಣ್ಣವಳು. ಮೂರು ತಿಂಗಳ ಗಂಡು ಕೂಸು. ಮೈಮೇಲೊಂದು ಸೀರೆ, ಬೇಲಿಯ ಮೇಲೆ ಒಣಗುತ್ತಿದ್ದದ್ದೊಂದು. ಅವಳು ನಕ್ಕರೆ ಗಿಡದ ಮೇಲಿನ ಹಕ್ಕಿಗಳು ಹಾರುತ್ತಿದ್ದವು. ಅವಳ ಗುಡಿಸಲು ತಂಪು. ಅವಳ ಕೂಸು ಬರೀ ಗೋಣಿಯ ಮೇಲೆ ಹಾಕಿದರೂ ಮಲಗುತ್ತಿತ್ತು. ಅವಳ ಕುಪ್ಪಸದ ಮುಂಭಾಗ ಯಾವಾಗಲೂ ಹಾಲಿಗೆ ನೆನೆದಿರುತ್ತಿತ್ತು. ನನಗೆ ಹಾಲು ಅಷ್ಟಕ್ಕಷ್ಟೆ. ಮೊದಲ ದಿನದಿಂದಲೇ ನನ್ನ ಕಣ್ಣು ಅವಳ ಕುಪ್ಪಸದ ಮೇಲೆ.

ದಿನ ಬಿಟ್ಟು ದಿನ ಬೆಳಿಗ್ಗೆ ಕಾಯಿಯ ಬಂಡಿಯ ಜೊತೆ ನಾನು ಇಂಡಿ ಪೇಟೆಗೆ ಹೋಗುತ್ತಿದ್ದೆ. ಗಂಡನನ್ನು ಕಳಿಸಿದರೆ ದಲಾಲರು ಅವನ ಮುಖ ನೋಡಿಯೇ ಅರ್ಧ ದರ ಹೇಳುತ್ತಿದ್ದರು. ಒಳ್ಳೆಯ ಮೂರು ಕಾಯಿ ಮಾದರಿಗೆ ಆರಿಸಿ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿ, ಕುಪ್ಪಸದೊಳಗೆ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಚೀಲದ ಮೇಲಿಟ್ಟ ಮಾದರಿಯನ್ನು ಯಾರಾದರೂ ಬದಲಿ ಮಾಡಿ ದರ ಇಳಿಸುತ್ತಾರೆ. ಹೆಂಗಸಿನ ಕುಪ್ಪಸಕ್ಕೆ ಯಾರೂ ಕೈ ಹಾಕುವುದಿಲ್ಲ. ಕೊಳ್ಳುವವರ ಮುಂದೆ ಕಾಯಿ ಕೊಯ್ದು ರಸ ಹಿಂಡಿ ತೋರಿಸಿ, ಕೈಯನ್ನು ಅದೇ ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ.

ಕೂಸನ್ನು ಆ ಅರ್ಧ ದಿನ ಬಾವಿಯವಳೇ ನೋಡಿಕೊಳ್ಳುತ್ತಿದ್ದಳು. ಅವಳ ಕೈಗೆ ಕೊಡಲು ಮನಸ್ಸಿಲ್ಲ. ಜೋಳಿಗೆಯಲ್ಲಿ ಮಲಗಿಸಿ, “ಎದ್ರ ತೂಗು ಅಷ್ಟ. ಹಸಿವಾದ್ರ ನೀರು ಬೆರಸಿದ ಆಕಳ ಹಾಲು ಒಳಲಿಲೆ ಹಾಕು,” ಎಂದು ಹೇಳಿ, ಕೂಸಿಗೆ ಹಾಲು ಹಾಕುವ ಆ ಪುಟ್ಟ ಬೆಳ್ಳಿಯ ಒಳಲೆಯನ್ನು ಅವಳ ಮುಂದೆ ಇಟ್ಟು ಹೋಗುತ್ತಿದ್ದೆ.

ಒಂದು ದಿನ ಪೇಟೆಯಲ್ಲಿ ಹರಾಜಿನ ಸವಾಲು ಬೇಗ ಮುಗಿಯಿತು. ಬಾವಿಯ ಹಾದಿಯಿಂದ ಬಂದೆ. ಅವಳು ದನಗಳಿಗೆ ನೀರು ತುಂಬುವ ದೋಣಿಕಲ್ಲಿನ ಅಂಚಿನ ಮೇಲೆ ಕುಳಿತಿದ್ದಳು. ಒಂದು ಮಗ್ಗುಲಿಗೆ ಅವಳ ಮಗ, ಇನ್ನೊಂದು ಮಗ್ಗುಲಿಗೆ ನನ್ನ ಮಗಳು. ನನ್ನ ಮಗಳು ಅವಳ ತಾಳಿಯ ಕರಿಮಣಿ ಹಿಡಿದು ತಿರುವುತ್ತ, ಕಣ್ಣು ಅರೆ ಮುಚ್ಚಿ ಕುಡಿಯುತ್ತಿತ್ತು. ನನ್ನ ಎದೆಯಲ್ಲಿ ಅದು ಹಾಗೆ ಒಂದು ದಿನವೂ ಕುಡಿದದ್ದಿಲ್ಲ.

“ಏನ್ ಮಾಡಾಕತ್ತಿ?”

“ಹಸದಿತ್ರಿ ಅಕ್ಕಾರ. ಒಳಲಿ ಹಾಲು ಉಗಳಾಕತ್ತಿತ್ತು. ಎದ್ಯಾಗ ಹಾಲಿಟ್ಕೊಂಡು ಅಳೋದು ನೋಡ್ಕೋತ ಕುಂಡ್ರಲೇನು?”

“ಯಾವಾಗಿಂದ?”

“ಹತ್ತ ದಿನ ಆತ್ರಿ.” ಅವಳು ನಕ್ಕಳು. “ನಮ್ಮ ಹುಡುಗ ಪಾಪದಾಂವ, ಜಾಗಾ ಬಿಟ್ಟಾನ. ನಿಮ್ಮ ಮಗಳು ಭಾಳ ಜೋರ ಅದಾಳ. ಎರಡೂ ಮಗ್ಗಲು ನಂದ ಅಂತಾಳ. ಥೇಟ್ ನಿಮ್ಮಂಗ.”

ನಾನು ನಗಲಿಲ್ಲ. ಕೂಸನ್ನು ಕಿತ್ತುಕೊಂಡು ಬಂದು ಎದೆಗೆ ಹಚ್ಚಿದೆ. ಅದು ಒಂದು ಸಲ ಬಾಯಿ ಹಾಕಿ, ಮುಖ ಕಿವುಚಿ, ಬೆನ್ನು ಸೆಟೆಸಿ ಚೀರಿತು. ಮರುದಿನವೂ ಅದೇ, ಕೊನೆಗೆ ಬಾವಿಯವಳೇ ಕುಡಿಸಬೇಕಾಯಿತು. ಗಂಡ ಹೇಳಿದ: “ಕೂಸಿನ ಹೊಟ್ಟಿ ತುಂಬಾಕತ್ತೈತಲ್ಲ, ನೀ ಯಾಕ ಮಾರಿ ಗಂಟ ಹಾಕ್ಕೊಂಡಿ?”

ಗಂಡಸರಿಗೆ ಹೊಟ್ಟೆ ತುಂಬಿದರೆ ಲೆಕ್ಕ ಮುಗಿಯಿತು. ಅವಳು ಎದೆಗೆ ಬೆಲ್ಲ ಸವರಿಕೊಳ್ಳುತ್ತಾಳೆ ಎಂದು ನನಗೆ ಅನುಮಾನ. ನೀರಿಗೆ ಹೋಗುವ ನೆಪದಲ್ಲಿ ಕದ್ದು ನೋಡಿದೆ, ಬೆಲ್ಲ ಕಾಣಲಿಲ್ಲ. ನಾನೇ ಬೆಲ್ಲ ಸವರಿಕೊಂಡು ನೋಡಿದೆ. ಮಗಳು ಬೆಲ್ಲ ನೆಕ್ಕಿ, ಆಮೇಲೆ ಉಗುಳಿ, ಬಾವಿಯ ದಿಕ್ಕಿಗೆ ಕತ್ತು ಹೊರಳಿಸಿ ಅತ್ತಿತು. ನನ್ನ ಹಾಲು ದಿನದಿನಕ್ಕೆ ಇಳಿಯುತ್ತಿತ್ತು. ಇನ್ನೊಂದು ವಾರ ಹೀಗೇ ನಡೆದರೆ ಪೂರಾ ಬತ್ತುತ್ತದೆ, ಮಗಳು ಕಾಯಂ ಅವಳವಳಾಗುತ್ತಾಳೆ. ಇದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಪೇಟೆಯಲ್ಲಿ ಎರಡು ಸಲ ದರ ತಪ್ಪಿ ಹೇಳಿದೆ.

ಕೊನೆಗೆ ನನಗೆ ಬರುವ ಒಂದೇ ವಿದ್ಯೆಗೆ ಕೈ ಹಾಕಿದೆ.

“ನೋಡು ತಂಗಿ, ಇಲ್ಲೀತನಕ ಕುಡಿಸಿದ್ದಕ್ಕ ಐದು ರೂಪಾಯಿ ತಗೋ. ಇನ್ನ ಮ್ಯಾಲ ದಿನಕ್ಕ ಎಂಟಾಣೆ. ಆದ್ರ ನಾ ಪ್ಯಾಟಿಗೆ ಹೋದಾಗ ಅಷ್ಟ. ನಾ ಬಂದ ಮ್ಯಾಲ ನೀ ಕೂಸಿನ್ನ ಮುಟ್ಟಬಾರ್ದು, ಮಾತಾಡಸಬಾರ್ದು.”

ನಾನು ಮುಂದೆ ಇಟ್ಟ ನೋಟನ್ನು ಅವಳು ನೋಡಿದಳು, ನನ್ನನ್ನು ನೋಡಿದಳು.

“ಎಂಟಾಣೆ ಒಂದ ಮಗ್ಗಲಿಗೋ, ಎರಡಕ್ಕೂ ಕೂಡೇನೋ, ಅಕ್ಕಾರ?” ಈ ಸಲ ನಗು ಇರಲಿಲ್ಲ. “ನಮ್ಮ ಕಡೆ ಎಮ್ಮಿ ಹಾಲು ಮಾರ್ತಾರ್ರಿ. ನಾ ಎಮ್ಮಿ ಅಲ್ಲ.”

ನೋಟು ಹಾರದಂತೆ ಅದರ ಮೇಲೆ ಒಂದು ಕಲ್ಲಿಟ್ಟು, ತನ್ನ ಕೂಸನ್ನು ಬಗಲಿಗೆ ಏರಿಸಿಕೊಂಡು ಹೋದಳು.

ಮರುದಿನ ಅವಳು ಬರಲಿಲ್ಲ. ಗೆದ್ದೆ ಎಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಪೇಟೆ ಬಿಟ್ಟು ದಿನವಿಡೀ ಕೂಸಿನ ಮುಂದೆ ಕುಳಿತೆ. ಅದು ಮಲಗಿದ ಹೊತ್ತಿನಲ್ಲಿ ಬಿದ್ದ ಕಾಯಿ ಆರಿಸಿದೆ. ಕೂಸು ನನ್ನ ಎದೆಯನ್ನು ಒಲ್ಲೆ ಅಂದಿತು. ಒಳಲೆಯ ಹಾಲು ಉಗುಳಿತು. ನಾಲ್ಕು ಹನಿ ನೀರು ಮಾತ್ರ ನುಂಗಿತು. ಸಂಜೆಗೆ ಅದರ ದನಿ ಒಡೆಯಿತು. ಮುಂದಿನ ಬೆಳಿಗ್ಗೆ ಅದರ ಕೆಳಗೆ ಹಾಸಿದ ಅರಿವೆ ಒಣಗಿಯೇ ಇತ್ತು, ತುಟಿ ಸಿಪ್ಪೆ ಎದ್ದಿತ್ತು.

“ಆಕಿನ್ನ ಕರೀತೇನಿ,” ಎಂದ ಗಂಡ.

“ಬ್ಯಾಡ.”

“ಕೂಸು ಸಾಯ್ಲೇನು? ನಿನ್ನ ಹಟಕ್ಕ?”

ಅವನು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಕೂಸನ್ನು ಎತ್ತಿಕೊಂಡು ನಾನೇ ನಡೆದೆ. ಬಾವಿಯ ಹತ್ತಿರ ಅವಳು ಅರಿವೆ ಒಗೆಯುತ್ತ ಮಗನ ಜೊತೆ ಏನೋ ಮಾತಾಡುತ್ತಿದ್ದಳು. ಆ ದನಿ ಕಿವಿಗೆ ಬಿದ್ದದ್ದೇ ತಡ, ನನ್ನ ಮಗಳು ಅಳು ನಿಲ್ಲಿಸಿತು. ಎರಡು ದಿನದ ಅಳುವಿಗಿಂತ ಆ ಸುಮ್ಮನಾದದ್ದು ನನಗೆ ಹೆಚ್ಚು ಚುಚ್ಚಿತು.

“ತಗೋ,” ಎಂದೆ.

ಅವಳು ಕೈ ಚಾಚಲಿಲ್ಲ. “ನೀವ ಕುಡಸ್ರಿ.”

“ನನ್ನ ಒಲ್ಲದು.”

ಅದನ್ನು ಬಾಯಿಬಿಟ್ಟು ಹೇಳಿದ್ದು ಅವತ್ತೇ. ಅವಳು ಕೈ ಒರೆಸಿಕೊಂಡು, ಕೂಸಿನ ಮುಖ ನೋಡಲು ನನ್ನ ಮೈಗೆ ಮೈ ತಾಗುವಷ್ಟು ಹತ್ತಿರ ಬಂದಳು. ನಾನು ಅವಳನ್ನು ಅಷ್ಟು ಹತ್ತಿರ ಬಿಟ್ಟುಕೊಂಡಿರಲೇ ಇಲ್ಲ. ಬಂದವಳು ಮೂಗು ಏರಿಸಿದಳು.

“ಅಕ್ಕಾರ, ಇದೇನ್ರಿ ವಾಸನಿ?”

ಸೆರಗಿನ ಗಂಟು ಎಳೆದಳು. ಪೇಟೆಗೆಂದು ಕಟ್ಟಿ ಮರೆತಿದ್ದ ಮೂರು ನಿಂಬೆಕಾಯಿ ಉರುಳಿದವು. ನನ್ನ ಎದೆಯ ಮೇಲೆ ಒಂದು ಬೆರಳು ಒರೆಸಿ ನಾಲಗೆಗೆ ಇಟ್ಟುಕೊಂಡು, “ಥೂ ಥೂ!” ಎಂದು ಉಗುಳಿದಳು.

“ಕಹಿ ವಿಷ! ಸಿಪ್ಪಿ ಎಣ್ಣಿ ಎಲ್ಲಾ ಮೈಗೆ ಹತ್ತೇತಿ. ತಂಬಾಕ ತಿನ್ನೋ ನನ್ನ ನಾಲಿಗಿಗೇ ತಡ್ಯಾಕ ಆಗವಲ್ದು, ಹಸಗೂಸು ಏನ್ ಮಾಡೀತು? ಇಷ್ಟ ಶಾಣ್ಯಾ ಇದ್ದೀರಿ, ಇದು ಹೊಳಿಲಿಲ್ಲೇನ್ರಿ?”

ಹೊಳೆದಿರಲಿಲ್ಲ. ದಿನವಿಡೀ ನಿಂಬೆಯಲ್ಲೇ ಇರುವವಳ ಮೂಗಿಗೆ ನಿಂಬೆಯ ವಾಸನೆ ಎಲ್ಲಿ ಬರಬೇಕು?

ಅವಳು ನೀರು ಕಾಯಿಸಿ, ಕಡಲೆಹಿಟ್ಟು ಹಚ್ಚಿ ನನ್ನ ಕೈ, ಕುತ್ತಿಗೆ, ಎದೆ ಎಲ್ಲ ತಿಕ್ಕಿದಳು. ನನ್ನ ಕುಪ್ಪಸ ಬಾವಿಕಟ್ಟೆಗೆ ಎಸೆದು, ಬೇಲಿಯ ಮೇಲಿದ್ದ ತನ್ನ ಕುಪ್ಪಸ ಕೊಟ್ಟಳು. ಅದು ಸಡಿಲ. ತೊಟ್ಟುಕೊಂಡು ಗುಡಿಸಲಿನ ನೆರಳಿನಲ್ಲಿ ಕುಳಿತೆ. ಮಗಳು ಮೂಸಿತು. ಒಮ್ಮೆ ಬಾಯಿ ಹಾಕಿ ಬಿಟ್ಟಿತು. ಮತ್ತೆ ಹಿಡಿಯಿತು, ಈ ಸಲ ಬಿಡಲಿಲ್ಲ. ಎರಡೂ ಕಡೆ ಖಾಲಿಯಾದ ಮೇಲೆ ಉಳಿದ ಹಸಿವನ್ನು ಬಾವಿಯವಳು ನೀಗಿಸಿದಳು. ಆ ನೋಟಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕುಡಿಯುವಾಗ ಮಗಳ ಕೈ ನನ್ನ ತಾಳಿಯನ್ನು ಹುಡುಕಲಿಲ್ಲ. ಆ ಕುಪ್ಪಸದ ಅಂಚು ಹಿಡಿದಿತ್ತು. ಅದು ಬಾಯಿ ಹಾಕಿದ್ದು ತೊಳೆದ ನನ್ನ ಎದೆಗೋ, ಅವಳ ಕುಪ್ಪಸದ ವಾಸನೆಗೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗದ್ದಕ್ಕೇ ಆ ಕುಪ್ಪಸ ನಾನು ವಾಪಸು ಕೊಡಲಿಲ್ಲ. ಇಂಡಿ ಪೇಟೆಯಿಂದ ಕುಪ್ಪಸಕ್ಕೆ ಹೊಸ ಖಣ ತಂದು ಕೊಟ್ಟು, ಹಳೆಯದನ್ನು ಇಟ್ಟುಕೊಂಡೆ. ಮುಂದಿನ ಆರು ವಾರ ಪೇಟೆಯ ದಿನ ಅವಳ ಹಾಲು, ಉಳಿದ ದಿನ ನನ್ನದು. ನಾನು ಬಂದಾಗ ಮಗಳು ನಗುತ್ತಿತ್ತು, ಅವಳು ಬಂದಾಗ ಕೈಕಾಲು ಬಡಿಯುತ್ತಿತ್ತು. ಆ ವ್ಯತ್ಯಾಸ ನಾನು ಪ್ರತಿ ದಿನ ಅಳೆದೆ.

ಆ ತೋಟ ನಮ್ಮ ಕೈ ಹಿಡಿಯಿತು. ಪಾಟ್ಲಿ ಮರಳಿ ಬಂತು. ಮರುವರ್ಷ ಮಾಲೀಕರು ಅದೇ ದರಕ್ಕೆ ಕೊಡುತ್ತೇನೆ ಎಂದು ಹೇಳಿ ಕಳಿಸಿದರು. ನಾನು ಒಲ್ಲೆ ಎಂದು, ಅದಕ್ಕಿಂತ ತುಟ್ಟಿಯ, ಅದಕ್ಕಿಂತ ಕೆಟ್ಟ ತೋಟ ಹಿಡಿದೆ. ಗಂಡ ಕಾರಣ ಕೇಳಿದ. ಅಲ್ಲಿಯ ನೀರು ಸರಿ ಇಲ್ಲ ಎಂದೆ. ನನ್ನ ಜೀವನದಲ್ಲಿ ಗೊತ್ತಿದ್ದೂ ಮಾಡಿದ ನಷ್ಟದ ವ್ಯಾಪಾರ ಅದೊಂದೇ. ಈಗ ಮಗಳು ಗಟ್ಟಿಯಾಗಿ ನಕ್ಕಾಗ ಜನ ನನ್ನಂತೆಯೇ ಎನ್ನುತ್ತಾರೆ. ನಾನು ಹಾಗೆ ನಗುವವಳಲ್ಲ.

ಎಳೆಗೂಸು ಕಟ್ಟಿಕೊಂಡು ಹೊಲದಲ್ಲೋ ತೋಟದಲ್ಲೋ ಬೀಡು ಬಿಡುವ ಪ್ರಸಂಗ ನಿಮಗೂ ಬಂದರೆ, ತಾಡಪತ್ರಿಯ ಮೇಲೆ ಒಂದು ಮೊಳ ಹುಲ್ಲು ಹೊದಿಸಿ, ಒಳಗಿನ ಕಾವು ಇಳಿಯುತ್ತದೆ. ನಿಂಬೆ, ಮೆಣಸಿನಕಾಯಿ, ತಂಬಾಕು, ಈರುಳ್ಳಿ, ಏನೇ ಮುಟ್ಟುವ ಕೆಲಸವಿರಲಿ, ಹಾಲುಣಿಸುವ ಕುಪ್ಪಸ ಬೇರೆ ಇಟ್ಟುಕೊಳ್ಳಿ, ಅದನ್ನು ಮಾಲಿನ ಚೀಲದ ಹತ್ತಿರ ಒಣಗಹಾಕಬೇಡಿ. ಕೈ ತೊಳೆದರೆ ಸಾಲದು, ಕಡಲೆಹಿಟ್ಟಿನಿಂದ ಮೊಣಕೈ ತನಕ ತಿಕ್ಕಿ. ಕೂಸು ಒಲ್ಲೆ ಅಂದರೆ ಮೊದಲು ನಿಮ್ಮ ಚರ್ಮ ನೀವೇ ನೆಕ್ಕಿ ನೋಡಿ, ಆಮೇಲೆ ಇನ್ನೊಬ್ಬರ ಮೇಲೆ ಅನುಮಾನಪಡಿ. ನೆರೆಯವಳು ನಿಮ್ಮ ಕೂಸಿಗೆ ಹಾಲು ಕೊಟ್ಟರೆ ದರ ಕೇಳಬೇಡಿ. ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಬೆಣ್ಣೆ ಇಟ್ಟು ಕಳಿಸಿ, ಇಬ್ಬರಿಗೆ ಉಣಿಸುವವಳಿಗೆ ಹಸಿವು ಬಹಳ. ಹೊಟ್ಟೆಕಿಚ್ಚು ಆಗೇ ಆಗುತ್ತದೆ. ಆ ಹೊತ್ತಿಗೆ ದೂರ ನಿಂತು ನೋಡಬೇಡಿ, ಹೋಗಿ ಅವಳ ಕೂಸನ್ನು ನಿಮ್ಮ ಮಡಿಲಿಗೆ ತೆಗೆದುಕೊಳ್ಳಿ. ನಾನು ಎರಡು ತಿಂಗಳಲ್ಲಿ ಒಂದು ಸಲವೂ ಆ ಹುಡುಗನನ್ನು ಎತ್ತಿಕೊಳ್ಳಲಿಲ್ಲ. ನೀವು ಎತ್ತಿಕೊಳ್ಳಿ.