ಹಲಗೆಯಿಲ್ಲದ ಅಣೆಕಟ್ಟು

ಮೊನ್ನೆ ಬಂದ್ಯೋಡಿನ ಹೋಟೆಲೊಂದರಲ್ಲಿ ಚಹಾ ಕುಡಿಯುವಾಗ ನಾಲಗೆಗೆ ಉಪ್ಪು ತಾಗಿತು. ಮಾಲಕರಿಗೆ ಹೇಳಿದೆ. "ಬಾವಿಯ ನೀರೇ ಹಾಗೆ, ಎಂತ ಮಾಡುವುದು ಮಾರಾಯ್ರೆ? ಸಕ್ಕರೆ ಜಾಸ್ತಿ ಹಾಕಿ ಕೊಡ್ತೇನೆ" ಎಂದರು. ನನಗೆ ಉಪ್ಪೂ ಆಗದು, ಸಕ್ಕರೆಯೂ ಆಗದು. ಲೋಟ ಕೆಳಗಿಟ್ಟೆ. ಹಳೆಯ ಸಿಟ್ಟೊಂದು ಎದ್ದು ಕುಳಿತುಕೊಂಡಿತು. ಅದು ಸುಮತಿ ಅತ್ತೆಯ ಸಿಟ್ಟು.

ಅತ್ತೆ ನನ್ನ ತಂದೆಯ ತಂಗಿ. ಪುತ್ತಿಗೆಯ ಕೆಳಗಡೆ ಹೊಳೆಬದಿಯ ಗದ್ದೆಯಲ್ಲಿ ಹರಿವೆ, ಸೌತೆ, ಅಲಸಂಡೆ ಬೆಳೆದು ಇದೇ ಬಂದ್ಯೋಡಿಗೆ ತಂದು ಮಾರುತ್ತಿದ್ದರು. ಅವರ ಹರಿವೆಗಾಗಿ ಗಿರಾಕಿಗಳು ಜಗಳವಾಡುತ್ತಿದ್ದರು. ಅತ್ತೆ ಗಿರಾಕಿಗಳೊಡನೆ ಜಗಳವಾಡುತ್ತಿದ್ದರು. ಮಳೆ ನಿಂತು ಹೊಳೆ ಸೊರಗಿದೊಡನೆ ಉಬ್ಬರದ ಸಮುದ್ರ ಒಳಗೆ ನುಗ್ಗುತ್ತದೆ. ಅದನ್ನು ತಡೆಯಲು ಎರಡೂ ದಡದವರು ಸೇರಿ ಪ್ರತಿವರ್ಷ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಕಟ್ಟುತ್ತಿದ್ದರು. ಮಳೆಗಾಲ ಅದನ್ನು ಒಯ್ಯುತ್ತಿತ್ತು. ಮತ್ತೆ ಕಟ್ಟುತ್ತಿದ್ದರು.

ಆಮೇಲೆ ಸರಕಾರಕ್ಕೆ ನಮ್ಮ ಹೊಳೆಯ ಮೇಲೆ ಪ್ರೀತಿ ಹುಟ್ಟಿತು. ಜಲಾನಯನ ಪುನಶ್ಚೇತನವೆಂಬ ಯೋಜನೆ ಬಂತು. ಆ ಮಣ್ಣಿನ ಕಟ್ಟ ಇದ್ದ ಜಾಗದಲ್ಲೇ ಕಾಂಕ್ರೀಟು ಕಂಬಗಳು ಎದ್ದವು. ನಡುವಿನ ಕಿಂಡಿಗಳಿಗೆ ಬೇಸಗೆಯಲ್ಲಿ ಹಲಗೆ ಇಳಿಸಿದರೆ ಉಪ್ಪು ಆಚೆ, ಸಿಹಿ ಈಚೆ. ಉದ್ಘಾಟನೆಯ ದಿನ ಎದುರಿನ ಸಾಲಿನಲ್ಲಿ ಕೂತು ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.

ಹಲಗೆ ಬರಲಿಲ್ಲ. ಕಂಬಕ್ಕೆ ಒಂದು ಟೆಂಡರು, ಹಲಗೆಗೆ ಬೇರೊಂದಂತೆ. ಎಂದಿನಂತೆ ಮಣ್ಣು ಹೊತ್ತು ಹೋದವರನ್ನು, ಇದು ಈಗ ಸರಕಾರಿ ಕಟ್ಟಡ, ಮುಟ್ಟಬಾರದು ಎಂದು ಇಲಾಖೆಯವರು ಓಡಿಸಿದರು. ಉಬ್ಬರಕ್ಕೆ ಯಾವ ಟೆಂಡರು? ಅದು ಬಂತು. ಹರಿವೆ ಬುಡದಿಂದಲೇ ಕರಟಿತು. ಬಾವಿಯ ನೀರಿನಲ್ಲಿ ಬೇಳೆ ಬೇಯಲಿಲ್ಲ. ಆಚೆ ದಡದ ಅದ್ರಾಮಿಚ್ಚ ಮೇವಿಲ್ಲದೆ ಎಮ್ಮೆಗಳನ್ನು ಮಾರಿದರು. ಅತ್ತೆ ಕಚೇರಿಗೆ ಹೋದರೆ ಮಲಯಾಳಿ ಗುಮಾಸ್ತ, "ಫಯಲು ಮೇಲೆ ಹೋಗಿದೆ ಚೇಚಿ" ಎಂದ.

"ಫಯಲು ಮೇಲೆ ಹೋಯಿತು, ಸಮುದ್ರವೂ ಮೇಲೆ ಬಂತು. ಕೆಳಗೆ ಬಿದ್ದದ್ದು ನಾವು ಮಾತ್ರವಾ?" ಎಂದು ಅತ್ತೆ ಕೇಳಿದ್ದು ರಸ್ತೆಯವರೆಗೆ ಕೇಳಿಸಿತ್ತು.

ಕೊನೆಗೊಮ್ಮೆ ಇಂಜಿನಿಯರು ಪರಿಶೀಲನೆಗೆ ಬಂದರು. ಅತ್ತೆ ಅವರನ್ನು ಜಗಲಿಗೆ ಕರೆದು ಚಹಾ ಕೊಟ್ಟರು. ಒಂದು ಗುಟುಕಿಗೇ ಅವರು ಮುಖ ಕಿವಿಚಿದರು.

"ಇದಕ್ಕೆ ಉಪ್ಪು ಹಾಕಿದ್ದೀರಾ?"

"ನಾನು ಹಾಕಲಿಲ್ಲ. ನೀವು ಹಾಕಿದ್ದು," ಎಂದರು ಅತ್ತೆ. "ಕುಡಿಯಿರಿ. ನಾವು ದಿನಾ ಕುಡಿಯುವುದು ಅದನ್ನೇ."

ಇಂಜಿನಿಯರು ಕಾರಿನಿಂದ ಬಾಟಲಿ ತರಿಸಿ ಬಾಯಿ ಮುಕ್ಕಳಿಸಿ ಹೊರಟುಹೋದರು. ನೀವೇ ಹೇಳಿ, ಆ ಬಾಟಲಿ ಇಲ್ಲದವರು ಎಂತ ಮಾಡಬೇಕು?

ಮರುದಿನ ಅತ್ತೆ ಹಾರೆ ಹಿಡಿದು ಹೊಳೆಗಿಳಿದರು. ಅದ್ರಾಮಿಚ್ಚ ಇಳಿದರು. ಎರಡೂ ದಡದವರು ಇಳಿದರು. ನಾನೂ ಕೆಲವು ಬುಟ್ಟಿ ಹೊತ್ತು, ಉಳಿದ ಹೊತ್ತು ಸೊಂಟ ಹಿಡಿದುಕೊಂಡು ಸಲಹೆ ಕೊಟ್ಟೆ. ಕಿಂಡಿಗಳಿಗೆ ಮಣ್ಣಿನ ಚೀಲ ತುಂಬಿ ಮುಗಿಸುವಷ್ಟರಲ್ಲಿ ಇಲಾಖೆಯ ಜೀಪು ಬಂತು. ಎಲ್ಲವನ್ನೂ ತೆಗೆಯಬೇಕೆಂದು ಅಪ್ಪಣೆಯಾಯಿತು. ಅತ್ತೆ ಚೀಲಗಳ ಮೇಲೆ ಕಾಲು ಇಳಿಬಿಟ್ಟು ಕೂತರು.

"ತೆಗೆಯಿರಿ. ಮೊದಲು ನನ್ನನ್ನು ತೆಗೆಯಿರಿ."

ಅದ್ರಾಮಿಚ್ಚ ಹೋಗಿ ಪಕ್ಕದಲ್ಲಿ ಕೂತರು. ಜೀಪು ಹಿಂದಕ್ಕೆ ಹೋಯಿತು.

ಆ ಬೇಸಗೆ ಹೊಳೆಯಲ್ಲಿ ಸಿಹಿನೀರು ನಿಂತಿತು. ಕೆಲವು ತಿಂಗಳಲ್ಲೇ ರಸ್ತೆಬದಿಯಲ್ಲಿ ಯೋಜನೆಯ ಯಶಸ್ಸಿನ ಫಲಕ ಬಂತು. ಅದರಲ್ಲಿ ತುಂಬಿ ನಿಂತ ನಮ್ಮ ಹೊಳೆಯ ಚಿತ್ರ! ಮಣ್ಣಿನ ಚೀಲ ಒಂದೂ ಕಾಣದ ಹಾಗೆ ಜಾಣತನದಿಂದ ತೆಗೆದಿದ್ದರು. ಅದನ್ನು ನೋಡಿ ಅತ್ತೆ ಬೈಯಲಿಲ್ಲ. ಅವರು ಬೈಯದೆ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಗದ್ದೆಯ ಉಪ್ಪು ಪೂರ್ತಿ ತೊಳೆದುಹೋಗುವ ಮೊದಲೇ ಅವರು ತೀರಿಕೊಂಡರು.

ಈ ವರ್ಷ ಹಲಗೆಗಳು ಬಂದಿವೆ. ಕಿಂಡಿಗಿಂತ ಒಂದು ಗೇಣು ಗಿಡ್ಡ. ನಿನ್ನೆ ಗ್ರಾಮಸಭೆಯಲ್ಲಿ ಅಧಿಕಾರಿಯೊಬ್ಬರು, "ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದರು. ಸಭೆಯಲ್ಲಿ ಕೆಮ್ಮಲೂ ಅಂಜುವ ನಾನು ಎದ್ದು ನಿಂತೆ. "ಯಾವುದನ್ನು ಸಾರ್? ಸಮುದ್ರವನ್ನಾ?" ಎಂದೆ. ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಅದ್ರಾಮಿಚ್ಚ ಕೋಲೂರಿ ಎದ್ದರು. ಅವರ ಬಳಿಕ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಉತ್ತರ ಬರುವ ತನಕ ಯಾರೂ ಕೂರಲಿಲ್ಲ.