ರೊಟ್ಟಿಗೆ ಹಿಡಿದ ಮುಗ್ಗು

ನರಗುಂದದ ನಮ್ಮ ಮನೆಯ ನೆಲ ಮಳೆ ನಿಂತ ಮೇಲೂ ಬೆವರುತ್ತದೆ. ಕಾಲುವೆ ಬಂದಾಗಿನಿಂದ ಎರೆ ಭೂಮಿಯ ಹೊಟ್ಟೆ ತುಂಬಿ, ನೀರು ಮೇಲಕ್ಕೆ ಬರುತ್ತಿದೆ ಎಂದು ಓಣಿಯ ಹಿರಿಯರು ಹೇಳುತ್ತಾರೆ. ಅದು ಖರೆಯೋ ಸುಳ್ಳೋ, ಅಡುಗೆಮನೆಯ ಗೋಡೆ ಮಾತ್ರ ಶ್ರಾವಣದಲ್ಲಿ ಮೊಣಕಾಲೆತ್ತರ ತೇವ ಹಿಡಿದು ನಿಲ್ಲುತ್ತದೆ. ನನ್ನ ತವರೂರು ಸೂಡಿ. ನಮ್ಮ ಕಡೆ ಗಾಳಿ ಒಣ. ಹಪ್ಪಳ ಆರು ತಿಂಗಳಿಟ್ಟರೂ ಪಟ್ಟನೆ ಮುರಿಯುತ್ತದೆ. ಗೋಡೆಗೂ ಒಂದು ಸ್ವಭಾವ ಇರುತ್ತದೆ ಎಂಬುದು ಲಗ್ನವಾಗಿ ಇಪ್ಪತ್ತು ವರ್ಷ ಕಳೆದರೂ ನನಗೆ ತಿಳಿದಿರಲಿಲ್ಲ.

ಆ ಗೋಡೆಯಲ್ಲಿ ಬಾಗಿಲಿಲ್ಲದ ಮೂರು ಗೂಡುಗಳಿದ್ದವು. ಅತ್ತೆಯವರು ಪ್ರತಿ ವರ್ಷ ಮಳೆಗೆ ಮೊದಲು ಅವಕ್ಕೆ ಸುಣ್ಣ ಬಳಿಸಿ, ಆರಿದ ಮೇಲೆ ಡಬ್ಬಿಗಳನ್ನು ಗೋಡೆಗೆ ತಾಗದಂತೆ ಜೋಡಿಸುತ್ತಿದ್ದರು. ಕಡಕ್ ರೊಟ್ಟಿಯ ಬುಟ್ಟಿ ಮಾತ್ರ ಸೂರಿನಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ ತೂಗುತ್ತಿತ್ತು. ನನಗೆ ಅದೆಲ್ಲ ಹಳೇ ಪದ್ಧತಿ ಅನ್ನಿಸುತ್ತಿತ್ತು. ಬಂದವರ ಕಣ್ಣಿಗೆ ಡಬ್ಬಿಯ ಮೇಲಿನ ಜಿಡ್ಡು, ಧೂಳು ಎಲ್ಲ ಬೀಳುತ್ತದಲ್ಲ ಎಂದು ನಾಚಿಕೆ. ಕೊನೆಗೆ ಗಜೇಂದ್ರಗಡದಿಂದ ಒಬ್ಬ ಬಡಿಗೇರನನ್ನು ಕರೆಸಿ, ಗೋಡೆಗೆ ಎಣ್ಣೆ ಬಣ್ಣ ಹಚ್ಚಿಸಿ, ಅದಕ್ಕೆ ಅಂಟಿದಂತೆ ಪ್ಲೈವುಡ್ಡಿನ ಕಪಾಟು ಕೂಡಿಸಿದೆ. ಬಾಗಿಲು ಮುಚ್ಚಿದರೆ ಮುಖ ಕಾಣುವಷ್ಟು ಹೊಳಪು.

ಅತ್ತೆಯವರು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು. "ಗ್ವಾಡಿಗೆ ಉಸರಾಡಾಕ ಬಿಡವ್ವಾ. ಮೂಗ ಬಾಯಿ ಕಟ್ಟಿದ್ರ ಮನಷ್ಯಾನಾದ್ರೂ ಸುಮ್ಮ ಇರ್ತಾನೇನು?" ಅಂದರು.

"ಈಗ ಎಲ್ಲಾರ ಮನ್ಯಾಗೂ ಹಿಂಗ ಮಾಡ್ತಾರ್ರಿ ಅತ್ತಿ" ಅಂದೆ. ಅಷ್ಟಕ್ಕೆ ಬಿಡದೆ ನೆಲುವನ್ನೂ ಬಿಚ್ಚಿ ಅಟ್ಟಕ್ಕೆ ಎಸೆದೆ.

ಮೊದಲ ಮಳೆಗಾಲ ಹೇಗೋ ದಾಟಿತು. ಎರಡನೆಯದರಲ್ಲಿ ಕಪಾಟಿನ ಬೆನ್ನಿಗೆ ಕರಿ ಚುಕ್ಕೆ ಮೂಡಿದವು. ಖಾರದ ಡಬ್ಬಿಯ ಮುಚ್ಚಳದ ಅಂಚಿಗೆ ಹಸಿರು ಬೂಸ್ಟು ಬಂತು. ಬಾಗಿಲು ತೆಗೆದರೆ ವಾರಗಟ್ಟಲೆ ಮಡಚಿಟ್ಟ ಒದ್ದೆ ಚೀಲದ ಮುಗ್ಗು ವಾಸನೆ. ಅತ್ತೆಯವರು ಮಧ್ಯಾಹ್ನ ಅಡ್ಡಾದಾಗ ನಾನು ಕಳ್ಳಿಯಂತೆ ಒರೆಸುತ್ತಿದ್ದೆ. ಕರ್ಪೂರ ಇಟ್ಟೆ, ಕರ್ಪೂರವೂ ಮುಗ್ಗೂ ಸೇರಿ ಮೂರನೆಯದೊಂದು ವಾಸನೆ ಹುಟ್ಟಿತೇ ಹೊರತು ಯಾವುದೂ ಹೋಗಲಿಲ್ಲ. ತಪ್ಪಾಯಿತು ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ನಾಲಿಗೆಗೆ ಆ ಮಾತಿನ ರೂಢಿಯಿಲ್ಲ.

ಅಷ್ಟರಲ್ಲಿ ರೊಟ್ಟಿ ಹಬ್ಬ ಬಂತು. ನಾಗರ ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ಮನೆಮನೆಗೂ ರೊಟ್ಟಿ, ಪಲ್ಯ, ಚಟ್ನಿ ಕೊಟ್ಟು ಬರುವುದು, ಅವರು ಕೊಟ್ಟದ್ದನ್ನು ತರುವುದು. ಅತ್ತೆಯವರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಹಾಳೆಯಷ್ಟು ತೆಳ್ಳಗೆ ಬಡಿಯುತ್ತಾರೆ. ಅವರ ರೊಟ್ಟಿಗೆ ಇಡೀ ಓಣಿ ಕಾಯುತ್ತದೆ. ಆ ಸಲವೂ ಒಂದು ವಾರ ಮೊದಲೇ ಬಡಿದು, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ನೆಲುವು ಇರಲಿಲ್ಲ, ಆದ್ದರಿಂದ ಕಪಾಟಿನಲ್ಲಿ.

ಹಬ್ಬದ ಮುಂಜಾನೆ ಗಂಟು ಬಿಚ್ಚಿದಾಗ ನನ್ನ ಮೂಗಿಗೆ ಮುಗ್ಗು ಬಡಿಯಿತು. ಅತ್ತೆಯವರು ಏನೂ ಆಗದವರ ಹಾಗೆ ಒಂದೊಂದೇ ರೊಟ್ಟಿ ತಾಟಿಗೆ ಹಾಕುತ್ತಿದ್ದರು. ಇದು ಬೇಕಂತಲೇ ಮಾಡುತ್ತಿರುವುದು ಎಂದುಕೊಂಡೆ. ಸೊಸೆಯ ಕಪಾಟಿನ ಪ್ರತಾಪ ಓಣಿಗೆಲ್ಲ ತಿಳಿಯಲಿ ಎಂದು ಸುಮ್ಮನಿದ್ದಾರೆ, ನಾನಾಗಿಯೇ ಬಾಯಿ ಬಿಟ್ಟು ಸೋಲಲಿ ಎಂದು ಕಾಯುತ್ತಿದ್ದಾರೆ. ನಾನೂ ಸೋಲುವವಳಲ್ಲ. ತಾಟುಗಳ ಮೇಲೆ ವಸ್ತ್ರ ಮುಚ್ಚಿಕೊಟ್ಟೆ. ಅವರು ಎಂದಿನಂತೆ ತಾವೇ ಮನೆಮನೆಗೆ ಹೋಗಿ ಕೊಟ್ಟು ಬಂದರು.

ಮರುದಿನ ಅವರು ಬಾಜೂ ಮನೆಗೆ ಖಾಲಿ ತಾಟು ತರಲು ಹೋದರು. ಬಂದಾಗ ಕೈಯಲ್ಲಿ ತಾಟಿನ ಬದಲು ಒಂದು ರೊಟ್ಟಿಯ ಚೂರಿತ್ತು, ಒದ್ದೆಯಾದದ್ದು. ಎಮ್ಮೆಗೆ ಮುಸುರೆ ಹಾಕುವ ಕಲ್ಲಿನ ದೋಣಿಯಿಂದ ತಾವೇ ಎತ್ತಿ ತಂದಿದ್ದರು.

"ನಮ್ಮ ರೊಟ್ಟಿ ಎಮ್ಮಿಗೆ ಹಾಕ್ಯಾರ" ಅಂದರು. ಆಮೇಲೆ ಉಳಿದ ರೊಟ್ಟಿಯಲ್ಲಿ ಒಂದನ್ನು ನನ್ನ ಮುಂದೆ ಹಿಡಿದರು. "ಯವ್ವಾ, ಇದಕ್ಕ ವಾಸ್ನಿ ಐತೇನು? ಖರೇ ಹೇಳು. ನನಗ ಯಾವ ವಾಸ್ನೀನೂ ತಿಳ್ಯಾಂಗಿಲ್ಲ. ಆ ಕೊರೋನಾ ಜ್ವರದಾಗ ಹೋದದ್ದು ತಿರಗಿ ಬಂದಿಲ್ಲ."

ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಡುಗೆಮನೆ ಬಿಡಿಸುತ್ತಾರೆ ಎಂಬ ಹೆದರಿಕೆ. ಒಗ್ಗರಣೆಯ ಚಟಪಟ ಕೇಳಿ, ಬಣ್ಣ ನೋಡಿ ಅಡುಗೆ ನಡೆಸಿದ್ದರು. ಪಕ್ಕದಲ್ಲೇ ನಿಂತು ಕೆಲಸ ಮಾಡುವ ನನಗೆ ಗೊತ್ತಾಗಿರಲಿಲ್ಲ. ಹಟ ಇಬ್ಬರದೂ ಅಂದುಕೊಂಡಿದ್ದೆ. ಹಟ ಇದ್ದದ್ದು ನನ್ನೊಬ್ಬಳದೇ.

"ಈಗ ಸ್ವಲ್ಪ ಮುಗ್ಗು ಬಂದೈತ್ರಿ. ನಿನ್ನಿ ನನಗೂ ತಿಳೀಲಿಲ್ಲ" ಅಂದೆ. ಸುಳ್ಳು ಎಷ್ಟು ಲಗೂ, ತಡವರಿಸದೆ ಬಂತು!

ಅದೇ ತಿಂಗಳು ಕಪಾಟು ಕೀಳಿಸಿದೆ. ಹಿಂದಿನ ಗೋಡೆ ಕರ್ರಗಾಗಿ, ಎಣ್ಣೆ ಬಣ್ಣ ಬೊಬ್ಬೆಯೆದ್ದು ನಿಂತಿತ್ತು. ಬಣ್ಣ ಕೆರೆಸಿ, ಒಣಗಲು ಬಿಟ್ಟು, ಸುಣ್ಣ ಬಳಿಸಿದೆ. ಕಪಾಟನ್ನು ಮತ್ತೆ ಕೂಡಿಸುವಾಗ ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಗೇಣು ಮೇಲೆ. ಬಾಗಿಲ ಮೇಲೂ ಕೆಳಗೂ ಗಾಳಿಯಾಡಲು ತೂತು. ಒದ್ದೆ ಪಾತ್ರೆ ಒಳಗೆ ಹೋಗಬಾರದು ಎಂದು ನನಗೆ ನಾನೇ ಕಟ್ಟಪ್ಪಣೆ ಮಾಡಿಕೊಂಡೆ. ಬಿಸಿಲು ಬಿದ್ದ ದಿನ ಬಾಗಿಲು ಪೂರಾ ತೆರೆದು ಹಾರು ಹೊಡೆದಿರುತ್ತದೆ. ಮೂಲೆಯಲ್ಲಿ ತೇವ ಹೀರಲು ಒಂದು ಬಟ್ಟಲು ಸುಣ್ಣದ ಹರಳು, ಪುಡಿಯಾದಾಗ ಬದಲಿಸುತ್ತೇನೆ. ನೆಲುವೂ ಅಟ್ಟದಿಂದ ಇಳಿಯಿತು. ವಾಸನೆ ಹೋಯಿತು.

ಆ ವರ್ಷವೆಲ್ಲ ಅತ್ತೆಯವರಿಗೆ ನಾನೇ ಮೂಗು. ಹಿಟ್ಟು, ಶೇಂಗಾ, ಹಾಲು, ಎಣ್ಣೆ ಏನೇ ಇರಲಿ, "ಮೂಸಿ ನೋಡವ್ವಾ" ಎಂದು ಮುಂದೆ ಹಿಡಿಯುವರು. ಚಲೋ ಐತ್ರಿ ಅಂದರೆ ಸಾಕು, ಎರಡನೆಯ ಮಾತಿಲ್ಲ. ಅವರು ಹಾಗೆ ನಂಬಿದಾಗಲೆಲ್ಲ ನಾನು ಅದನ್ನು ಇನ್ನೊಮ್ಮೆ ಮೂಸಿ ನೋಡುತ್ತಿದ್ದೆ.

ಈ ವರ್ಷದ ರೊಟ್ಟಿ ಹಬ್ಬಕ್ಕೆ ಗಂಟು ಬಿಚ್ಚಿದರು. ನಾನು ಮೂಸಿದೆ. ಸಜ್ಜಿಯದು, ಎಳ್ಳಿನದು, ಅಷ್ಟೇ ವಾಸನೆ. ಹೇಳಿದೆ. ಅತ್ತೆಯವರು ನಕ್ಕು, "ಹೋದ ವರ್ಷ ನಿನಗೂ ತಿಳೀಲಿಲ್ಲ, ಪಾಪ. ನಮ್ಮ ನಸೀಬ" ಅಂದರು.

ಆ 'ಪಾಪ' ನನಗೆ ತಡೆಯಲಾಗಲಿಲ್ಲ. "ತಿಳಿದಿತ್ರಿ ಅತ್ತಿ" ಅಂದುಬಿಟ್ಟೆ. ನೀವು ಬೇಕಂತ ಸುಮ್ಮನಿದ್ದೀರಿ ಅಂದುಕೊಂಡೆ, ಕಪಾಟು ನನ್ನದು, ಹೇಳಲು ಮನಸ್ಸು ಬರಲಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಅಳುವೂ ಬಂತು.

ಅವರು ಬೈಯಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಇಟ್ಟರು. ಆಮೇಲೆ ಕೇಳಿದರು: "ಹಂಗಾರ, ಈ ವರ್ಷದಾಗ ನೀ ಚಲೋ ಐತಿ ಅಂದದ್ರಾಗ ಖರೇ ಚಲೋ ಇದ್ದದ್ದು ಎಷ್ಟವ್ವಾ?"

"ಎಲ್ಲಾ ಚಲೋನ ಇದ್ದೂರಿ. ದೇವ್ರಾಣಿ" ಅಂದೆ. ತಲೆ ಆಡಿಸಿದರು. ತಾಟುಗಳನ್ನು ನನ್ನ ಕಡೆ ಸರಿಸಿ, "ನೀನ ಕೊಟ್ಟು ಬಾ" ಅಂದು ಒಳಗೆ ಹೋದರು.

ಅಂದಿನಿಂದ ಅವರು ನನಗೆ ಯಾವುದನ್ನೂ ಮೂಸಿ ನೋಡು ಅಂದಿಲ್ಲ. ನಾನು ಏನು ಬಡಿಸಿದರೂ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ಉಣ್ಣುತ್ತಾರೆ.